ಶೇವಂತಾಳ ಕಾಯಿದೆ

ದಿಗ್ಗೇವಾಡಿಯ ವಿರುಪಾಕ್ಷಪ್ಪನಿಗೆ ಲಕ್ವಾ ಹೊಡೆದು ಬಲಗಡೆಯ ಕೈಕಾಲು, ಬಾಯಿಯ ಮಾತು ಎಲ್ಲ ಹೋದಾಗ ಅವನ ಆರೈಕೆಗೆಂದು ಶೇವಂತಾಳನ್ನು ಕರೆತಂದರು. ತೊಂಬತ್ತೊಂದನೆಯ ಇಸವಿ. ಮಿರಜಿನ ಆಸ್ಪತ್ರೆಯೊಂದರಲ್ಲಿ ಹನ್ನೆರಡು ವರ್ಷ ಆಯಾ ಆಗಿ ದುಡಿದವಳು ಅವಳು. ಬಂದ ದಿನವೇ ಮನೆಮಂದಿಯನ್ನೆಲ್ಲ ನಿಲ್ಲಿಸಿಕೊಂಡು ತನ್ನ ಕಾಯಿದೆ ಹೇಳಿಬಿಟ್ಟಳು: ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಸಾಬೂನು ಹಚ್ಚಿ ಕೈ ತೊಳೆಯದೆ ಯಾರೂ ಮುಟ್ಟಕೂಡದು, ತನ್ನನ್ನು ಕೇಳದೆ ಅವನ ಬಾಯಿಗೆ ಹನಿ ನೀರನ್ನೂ ಹಾಕಕೂಡದು.

"ಮನಿ ನಮ್ದೋ, ಈಕಿದೋ?" ಎಂದು ಮಗ ಧೂಳಪ್ಪ ಮೂಗು ಮುರಿದ. ಮುರಿಯಲಿ ಬಿಡಿ! ಮೂರು ತಿಂಗಳಾದರೂ ಮುದುಕನ ಬೆನ್ನಿನ ಮೇಲೆ ಒಂದೇ ಒಂದು ಹುಣ್ಣು ಎದ್ದಿರಲಿಲ್ಲ. ರಾಯಬಾಗದಿಂದ ಬಂದ ಡಾಕ್ಟರು ಅಂಗಿ ಸರಿಸಿ ನೋಡಿ, "ಮನ್ಯಾಗ ಇಷ್ಟ ಚಂದ ನೋಡ್ಕೊಂಡಿದ್ದ ನಾ ಎಲ್ಲೂ ಕಂಡಿಲ್ಲ" ಎಂದಾಗ ಶೇವಂತಾ ಮುಖ ಆಚೆ ತಿರುಗಿಸಿ ನಕ್ಕಳು. ಹೆಮ್ಮೆ ಯಾರಿಗೆ ಬೇಡ?

ಕುತ್ತು ಬಂದದ್ದು ಗಾಣ ಹೂಡಿದ ದಿನ. ಹಂಗಾಮಿನ ಮೊದಲ ಕಬ್ಬಿನ ಹಾಲು ಯಜಮಾನನ ಬಾಯಿಗೆ ಬೀಳದೆ ಆ ಮನೆಯಲ್ಲಿ ಮತ್ಯಾರೂ ಕುಡಿಯುವಂತಿಲ್ಲ. ಅದಕ್ಕೆಂದೇ ಮುಗಳಖೋಡದಿಂದ ಅವನ ಅಕ್ಕ ಅಕ್ಕವ್ವ ಬಂದಿದ್ದಳು. ತಾಯಿ ತೀರಿದ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ತಂಬಿಗೆ ತುಂಬ ಕಬ್ಬಿನ ಹಾಲು ಹಿಡಿದು, ಅಂಗಾತ ಮಲಗಿದ್ದವನ ತಲೆ ಸವರಿ, "ಬಾಯಿ ತೆಗಿ ನನ್ನಪ್ಪಾ" ಎಂದು ತಂಬಿಗೆ ಬಗ್ಗಿಸಿದಳು.

ಬಿಸಿನೀರು ತರಲು ಹೋಗಿದ್ದ ಶೇವಂತಾ ಬಾಗಿಲಲ್ಲೇ ಅದನ್ನು ಕಂಡಳು. ಹಿಂದೆ ಅಥಣಿಯ ಕಡೆ ಅವಳು ಆರೈಕೆಗಿದ್ದ ಒಂದು ಮನೆಯಲ್ಲಿ ಲಕ್ವಾ ಹೊಡೆದವನಿಗೆ ಹೀಗೇ ಪ್ರೀತಿಯಿಂದ ಮಜ್ಜಿಗೆ ಹಾಕಿದ್ದರು. ಅದು ಪುಪ್ಪುಸಕ್ಕಿಳಿದು ಜ್ವರವೆದ್ದು ನಾಲ್ಕೇ ದಿನಕ್ಕೆ ಆ ಮನುಷ್ಯ ಹೋಗಿಬಿಟ್ಟಿದ್ದ. ಶೇವಂತಾ ಓಡಿಬಂದವಳೇ ಮುದುಕನ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಕಬ್ಬಿನ ಹಾಲು ಅರ್ಧಕ್ಕರ್ಧ ಅವಳ ಸೀರೆಯ ಮೇಲೆ ಚೆಲ್ಲಿತು.

"ಯವ್ವಾ! ನನ್ನ ತಮ್ಮಗ ನಾ ಕುಡಸಬಾರ್ದೇನ ಬೇ?" ಅಕ್ಕವ್ವ ಅತ್ತೇಬಿಟ್ಟಳು.

ಗದ್ದಲ ಕೇಳಿ ಬಂದ ಧೂಳಪ್ಪ ಕೆಂಡವಾದ. "ನಮ್ಮ ಅತ್ತಿ ಕೈ ತಡೀತಿ? ಚೀಲ ತಗೊಂಡು ನಡಿ ಹೊರಗ!"

"ಹೋಗ್ತೀನ್ರಿ." ಶೇವಂತಾ ಅಂಗೈ ಮಾತ್ರ ತೆಗೆಯಲಿಲ್ಲ. "ಆದ್ರ ಮೊದಲ ನೀವ ಆ ಚಾಪಿ ಮ್ಯಾಲ ಅಂಗಾತ ಮಲಗಿ ಒಂದ ಗುಟಕ ನೀರ ಕುಡೀರಿ. ಏನೂ ಆಗ್ಲಿಲ್ಲಂದ್ರ ಇನ್ನ ಈ ಹೊಸ್ತಿಲಾ ತುಳಿಯೂದಿಲ್ಲ."

"ಅದೇನ ದೊಡ್ಡ ಮಾತ!" ಎಂದು ಧೂಳಪ್ಪ ಮಲಗಿ, ಚೊಂಬೆತ್ತಿ ಬಾಯಿಗೆ ಸುರಿದುಕೊಂಡ. ನೀರು ನೆತ್ತಿಗೇರಿತು ನೋಡಿ! ಎದ್ದು ಕೂತು, ಕಣ್ಣು ಕೆಂಪಾಗುವ ತನಕ ಕೆಮ್ಮಿದ.

"ನೀವು ಗಟ್ಟಿ ಅದೀರಿ, ಕೆಮ್ಮಿ ಹೊರಗ ಹಾಕಿದ್ರಿ," ಎಂದಳು ಶೇವಂತಾ. "ಯಜಮಾನ್ರಿಗೆ ಕೆಮ್ಮಾಕ ಬರೂದಿಲ್ರಿ. ಸಪ್ಪಳಿಲ್ದ ಒಳಗ ಇಳೀತೈತಿ."

ಅಕ್ಕವ್ವ ತಂಬಿಗೆ ಕೆಳಗಿಟ್ಟು ಹಣೆ ಬಡಿದುಕೊಂಡಳು. "ನನ್ನ ಕೈಯಾರೆ ಕೊಲ್ಲತಿದ್ನಲ್ಲೋ ತಮ್ಮಾ!"

ಶೇವಂತಾ ಬೈಯಲಿಲ್ಲ. ಉಳಿದ ಕಬ್ಬಿನ ಹಾಲಿಗೆ ನುಣ್ಣಗೆ ಅರೆದ ಗಂಜಿ ಬೆರೆಸಿ ಗಟ್ಟಿ ಮಾಡಿದಳು. ಮುದುಕನನ್ನು ದಿಂಬುಗಳಿಗೆ ಆನಿಸಿ ನೆಟ್ಟಗೆ ಕೂರಿಸಿ, ಗದ್ದವನ್ನು ತುಸು ಬಾಗಿಸಿದಳು. ಆಮೇಲೆ ಚಮಚವನ್ನು ಅಕ್ಕವ್ವನ ಕೈಗೇ ಕೊಟ್ಟಳು.

"ಕೈ ತೊಳಕೊಂಡು ನೀವ ಹಾಕ್ರಿ. ಎಡಗಲ್ಲದಾಗ, ಸ್ವಲ್ಪಸ್ವಲ್ಪ. ನುಂಗೂ ತನಕ ತಡೀರಿ."

ಅಕ್ಕವ್ವ ಹಾಕಿದಳು. ಗಂಟಲ ಗಂಟು ಮೇಲೆದ್ದು ಇಳಿಯುವವರೆಗೆ ಮೂವರೂ ಉಸಿರು ಬಿಗಿಹಿಡಿದು ನೋಡಿದರು. ವಿರುಪಾಕ್ಷಪ್ಪ ನುಂಗಿದ. ರುಚಿ ಹತ್ತಿ ಎಡಗೈಯಿಂದ ಅಕ್ಕನ ಸೆರಗು ಜಗ್ಗಿ ಮತ್ತೆ ಬಾಯಿ ತೆರೆದ. ಧೂಳಪ್ಪ ಕಣ್ಣೊರೆಸಿಕೊಂಡು ಗಾಣದ ಕಡೆ ಹೋದ.

ಬಟ್ಟಲು ಖಾಲಿಯಾದ ಮೇಲೆ ಅಕ್ಕವ್ವ ಶೇವಂತಾಳ ಅಂಟುಗೈ ಹಿಡಿದುಕೊಂಡಳು. "ನಾಳೆ ನಾ ಹಾಸಿಗಿ ಹಿಡದ್ರ ನೀನ ಬರ್ಬೇಕ ನೋಡು."

"ಬರ್ತೀನ್ರಿ ಯವ್ವಾ. ಆದ್ರ ಅಲ್ಲೂ ಕಾಯ್ದೆ ನಂದ."

"ಮತ್ಯಾರ್ದ ಇರ್ಬೇಕ ಬೇ?" ಎಂದಳು ಅಕ್ಕವ್ವ.