ಎರಡನೆಯ ಜನರೇಟರು

ಸೈದಪ್ಪ ಜನರೇಟರಿನ ಹೆಡ್ ಬಿಚ್ಚಿ ನೆಲಕ್ಕಿಟ್ಟು ಐದು ನಿಮಿಷವಾಗಿರಲಿಲ್ಲ, ಕರೆಂಟು ಹೋಯಿತು.

ಅವನೇನೂ ಗಾಬರಿಯಾಗಲಿಲ್ಲ. ಜೇವರ್ಗಿಯ ಆ ಖಾಸಗಿ ದವಾಖಾನೆಯಲ್ಲಿ ಜನರೇಟರು ಎರಡು. ತಿಂಗಳ ಮೊದಲ ಗುರುವಾರ ಒಂದನ್ನು ಬಿಚ್ಚಿ ಸಾಫು ಮಾಡುವುದು, ಅಂದು ಇನ್ನೊಂದು ತಯಾರಿರುವುದು. ಎಂಬತ್ತಾರನೇ ಇಸವಿಯಿಂದ ಅವನೇ ನಡೆಸಿಕೊಂಡು ಬಂದ ಪದ್ಧತಿ. ಬೆಳಿಗ್ಗೆ ಷೆಡ್ಡಿನ ಮೂಲೆಯಲ್ಲಿ ಎರಡನೆಯದು ತಾಡಪತ್ರಿ ಹೊದ್ದು ಕೂತಿದ್ದನ್ನು ಕಂಡೇ ನಟ್ಟು ಬಿಚ್ಚುವ ಪಾನಾ ಹಿಡಿದಿದ್ದ. ಒಳಗೆ, ಕಿಟಕಿಯಿಲ್ಲದ ಆಪರೇಷನ್ ಕೋಣೆಯಲ್ಲಿ, ಕೊಳಕೂರಿನ ಗಂಗಾಬಾಯಿಯ ಹೊಟ್ಟೆ ಕೊಯ್ದು ಕೂಸು ತೆಗೆದಿದ್ದರು. ರಕ್ತ ಇನ್ನೂ ನಿಂತಿರಲಿಲ್ಲ.

ಸೈದಪ್ಪ ತಾಡಪತ್ರಿ ಎಳೆದ. ಎರಡು ಖಾಲಿ ಡ್ರಮ್ಮು, ಮೇಲೊಂದು ಮುರುಕು ಕುರ್ಚಿ.

"ಸಾಹೇಬ್ರ! ಮಷೀನ ಎಲ್ಲದರಿ?"

ಮ್ಯಾನೇಜರ್ ಕಲ್ಯಾಣಪ್ಪ ಎಲೆಗೆ ಸುಣ್ಣ ಸವರುತ್ತ ಬಾಗಿಲಲ್ಲಿ ನಿಂತ. "ನೆಲೋಗಿಗಿ ಹೋಗ್ಯಾದ. ಬೀಗರ ಮನ್ಯಾಗ ಲಗ್ನ. ಡಾಕ್ಟರ್ ನೋಡಿದ್ರ ಒದರ್ತಾರಂತ ಡ್ರಮ್ಮಿನ ಮ್ಯಾಲ ತಾಡಪತ್ರಿ ಮುಚ್ಚಿಸೀನಿ."

"ನನಗರ ಹೇಳಬಾರದೇನ್ರಿ? ನಾ ಇದನ್ನ ಬಿಚ್ಚೇನಲ್ರಿ!"

"ಇವತ್ತೇ ಬಿಚ್ಚಬೇಕಿತ್ತೇನಲೇ? ಸುಮ್ನ ಕುಂತ ಮಷೀನು, ನಾಕ ಮಂದೀಗರ ಬೆಳಕ ಕೊಡ್ಲಿ ಅಂದ್ರ ಪಾಪ ಆತೇನು?"

ನರ್ಸ್ ಮೆಹರಾಜಬೇಗಂ ಓಡಿಬಂದಳು. "ಸೈದಪ್ಪಣ್ಣ, ರಕ್ತ ಎಳಿಯೋ ಮಷೀನ ಬಂದ್ ಆಗ್ಯಾದ. ಬ್ಯಾಟರಿ ಬೆಳಕಿನಾಗ ಡಾಕ್ಟರಿಗಿ ಏನೂ ಕಾಣವಲ್ದು. ಜಲ್ದಿ ಮಾಡೋ, ಜಲ್ದಿ!"

"ಜಲ್ದೀ, ಜಲ್ದೀ," ಕಲ್ಯಾಣಪ್ಪ ಮೂಗಿನಲ್ಲೇ ಅವಳ ದನಿ ತೆಗೆದ. ತದ್ರೂಪ. ಹೊರಗೆ ಔಷಧದ ಚೀಟಿ ಹಿಡಿದು ನಿಂತವರಲ್ಲಿ ಇಬ್ಬರು ನಕ್ಕೂಬಿಟ್ಟರು.

ಸೈದಪ್ಪ ಹೆಡ್ಡನ್ನು ಎತ್ತಿ ಕೂರಿಸಿದ. ಎಣ್ಣೆಗೈಯಿಂದ ನಟ್ಟು ಜಾರಿ ಉರುಳಿತು; ಮಂಡಿಯೂರಿ ತಡಕಿದ. ಒಳಗಿನಿಂದ ಮೊದಲು ಡಾಕ್ಟರು ಕೂಗುತ್ತಿದ್ದರು. ಆಮೇಲೆ ಕೂಗಲಿಲ್ಲ. ಮುಕ್ಕಾಲು ತಾಸಾಗಿತ್ತು, ಇನ್ನು ಮೂರು ಬೋಲ್ಟು ಬಾಕಿ, ತಲೆಯ ಮೇಲಿನ ಬಲ್ಬು ಫಕ್ಕನೆ ಹತ್ತಿತು.

"ನೋಡು, ಬಂತಿಲ್ಲೋ?" ಕಲ್ಯಾಣಪ್ಪ ಎಲೆ ದವಡೆಗೆ ತುರುಕಿದ. "ಸುಮ್ನ ಕುಣದಾಡ್ದಿ."

ಪಡಸಾಲೆಯಲ್ಲಿ ಗಂಗಾಬಾಯಿಯ ತಾಯಿ ಸುಂದರಬಾಯಿ ಗೋಡೆ ಹಿಡಿದೆದ್ದು ಬಲ್ಬಿಗೇ ಕೈಮುಗಿದಳು. "ಬಂತವ್ವಾ ಬೆಳಕು," ಎನ್ನುತ್ತ ಆಪರೇಷನ್ ಕೋಣೆಯ ತೆರೆದ ಬಾಗಿಲತ್ತ ನಡೆದಳು. ಕೂಸನ್ನು ಎದೆಗವಚಿಕೊಂಡಿದ್ದ ಮೆಹರಾಜಬೇಗಂ ತಡೆಯಲಿಲ್ಲ, ಪಕ್ಕಕ್ಕೆ ಸರಿದಳು.

ಒಳಗೆ ಮೇಲಿನ ಫ್ಯಾನು ಮೆಲ್ಲಗೆ ತಿರುಗತೊಡಗಿತ್ತು. ಗಂಗಾಬಾಯಿಯ ಮುಖಕ್ಕೆ ಹೊದಿಸಿದ್ದ ಬಿಳಿ ಬಟ್ಟೆ ಆ ಗಾಳಿಗೆ ಒಮ್ಮೆ ಉಬ್ಬಿತು, ಒಮ್ಮೆ ತಗ್ಗಿತು.