ಎಲ್ಲ ಬ್ಯಾಂಕಿಗೂ ಒಂದೇ ಉತ್ತರ

ನನ್ನ ಗಂಡ ಬ್ಯಾಂಕಿನವರಲ್ಲ, ಬ್ಯಾಂಕಿನವರ ಮೇಲೆ ಕಣ್ಣಿಡುವ ಕಚೇರಿಯವರು. ಇವರು ತಪಾಸಣೆಗೆ ಬಂದರೆಂದರೆ ಮ್ಯಾನೇಜರುಗಳು ಎದ್ದು ನಿಲ್ಲುತ್ತಾರಂತೆ. ಮನೆಯಲ್ಲಿ ಮಾತ್ರ ಸಾರಿಗೆ ಉಪ್ಪು ಸಾಲದು ಎನ್ನಲೂ ಹತ್ತು ಸಲ ಯೋಚಿಸುವ ಮನುಷ್ಯ.

ಮದುವೆಯಾದ ಹೊಸದರಲ್ಲಿ ನನ್ನಪ್ಪ, ತಾವು ದುಡ್ಡಿಟ್ಟ ಬ್ಯಾಂಕು ಹೇಗಿದೆ ಎಂದು ಅಳಿಯನನ್ನು ಕೇಳಿದ್ದರು. "ನನ್ನನ್ನ ಕೇಳಬೇಡಿ ಮಾವ. ಯಾವ ಬ್ಯಾಂಕಿನ ವಿಷಯಾನೂ ನನ್ನನ್ನ ಕೇಳಬೇಡಿ" ಎಂದುಬಿಟ್ಟರು. ಅಪ್ಪನ ಮುಖ ಸಪ್ಪಗಾಯಿತು. ಅಪ್ಪ ಹೋದಮೇಲೆ ನಾನು ಜಗಳ ತೆಗೆದೆ.

"ಒಳ್ಳೇ ಬ್ಯಾಂಕಿಗೆ ಚೆನ್ನಾಗಿದೆ ಅಂತ ಹೇಳಿ ಕೆಟ್ಟ ಬ್ಯಾಂಕಿಗೆ ಸುಮ್ಮನಿದ್ರೆ, ಸುಮ್ಮನಿದ್ದದ್ದೇ ಉತ್ತರ ಆಗಲ್ವಾ? ಅದು ಒಬ್ಬರ ಕಿವಿಗೆ ಬಿದ್ರೆ ಬೆಳಗಾಗೋದ್ರೊಳಗೆ ಬಾಗಿಲಲ್ಲಿ ಜನ ಜಾತ್ರೆ. ಅದಕ್ಕೇ ಎಲ್ಲದಕ್ಕೂ ಒಂದೇ ಮಾತು" ಎಂದು ಇವರು ಬಿಡಿಸಿ ಹೇಳಿದರು. ಅಲ್ಲಿಂದ ಮುಂದೆ ಯಾರು ಯಾವ ಬ್ಯಾಂಕಿನ ಹೆಸರೆತ್ತಿದರೂ ಇವರದು ಅದೇ ಪಾಠ. ಕೇಳಿದವರ ಬ್ಯಾಂಕುಗಳೆಲ್ಲ ಗಟ್ಟಿಯಾಗೇ ಇದ್ದವು. ಹೀಗಾಗಿ ಅದು ನಮ್ಮ ಮನೆಯ ಒಂದು ತಮಾಷೆಯಾಗಿಹೋಯಿತು.

ಇವರ ಅಕ್ಕ, ಅಂದರೆ ನನ್ನ ಅತ್ತಿಗೆ, ಬಟ್ಟೆ ಹೊಲಿಯುವವರು. ತಾಯಿ ಇಲ್ಲದ ತಮ್ಮನನ್ನು ಹೊಲಿಗೆ ಯಂತ್ರ ತುಳಿದೇ ಓದಿಸಿದ್ದರು. "ನನ್ನ ತಮ್ಮ ಯಾರಿಗೆ ಬೇಕಾದ್ರೂ ಮುಚ್ಚಿಡಲಿ, ನನಗೆ ಮುಚ್ಚಿಡೋಕಾಗಲ್ಲ ಕಣೆ. ಒಳಗೇನಾದ್ರೂ ಇಟ್ಕೊಂಡ್ರೆ ಅವನ ಕೈ ತಾನಾಗೇ ಎಡಗಿವಿಗೆ ಹೋಗುತ್ತೆ" ಎಂದು ಅವರೇ ನನಗೆ ಗುಟ್ಟು ಹೇಳಿಕೊಟ್ಟಿದ್ದರು. ಅದು ನಿಜ. ನನ್ನನ್ನು ಕೇಳದೆ ಇವರು ಗೆಳೆಯನಿಗೆ ಸಾಲ ಕೊಟ್ಟದ್ದನ್ನು ನಾನು ಆ ಕಿವಿಯಿಂದಲೇ ಪತ್ತೆ ಹಚ್ಚಿ, ಇವರಿಗೇ ಹೇಳಿ ಕಾಡಿಸಿದ್ದೆ.

ಆಮೇಲೆ ಕೆಟ್ಟ ಕಾಲ ಬಂತು. ಕಾರ್ಖಾನೆಗಳು ಮುಚ್ಚಿದವು, ನಮ್ಮ ಬೀದಿಯಲ್ಲೇ ಅರ್ಧ ಅಂಗಡಿಗಳಿಗೆ ಬೀಗ ಬಿತ್ತು. ಸಾಲ ತೆಗೆದವರಿಗೆ ಕಂತು ಕಟ್ಟಲು ಗತಿಯಿಲ್ಲ. ಒಂದು ಸಂಜೆ ಇವರು ಚೀಲವನ್ನು ಕುರ್ಚಿಯ ಮೇಲೆ ಎಸೆದರು. ಎಸೆಯುವ ಜಾಯಮಾನವೇ ಅಲ್ಲ ಇವರದು.

"ಮೇಲಿಂದ ಆದೇಶ ಬಂದಿದೆ, ಪೇಪರಲ್ಲೂ ಬಂದಿದೆ. ಕಾಲ ಸರಿಹೋಗೋವರೆಗೂ, ಕಂತು ಕಟ್ಟದ ಸಾಲಾನೂ ಕಟ್ತಿರೋ ಸಾಲ ಅಂತಲೇ ಎಣಿಸಬೇಕಂತೆ."

"ಹಾಗಾದ್ರೆ ನಾನೂ ಬೇಯದ ಅನ್ನಾನ ಬೆಂದಿದೆ ಅಂತ ಬಡಿಸ್ತೀನಿ" ಎಂದೆ.

ಇವರು ನಗಲಿಲ್ಲ. "ನಾವು ತಪ್ಪು ಅಂತ ಬರೆದು ಕಳಿಸ್ತೀವಿ. ಅವರು ಸ್ವಲ್ಪ ತಡೀರಿ ಅಂತಾರೆ. ತಡೀದೆ ಏನ್ಮಾಡೋದು?" ಎಂದು ಕೈಕಾಲು ತೊಳೆಯಲು ಹೋದರು.

ಆ ಶುಕ್ರವಾರ ಸಂಜೆ ಅತ್ತಿಗೆ ಊಟಕ್ಕೆ ಬಂದರು. ಅವರ ಹೊಲಿಗೆ ಅಂಗಡಿ ಇದ್ದ ಬಾಡಿಗೆ ಕೋಣೆಯನ್ನು ಮಾಲೀಕರು ಮಾರಲು ಹೊರಟಿದ್ದರು. ಬೇರೆಯವರು ಕೊಂಡರೆ ಅಂಗಡಿ ಎತ್ತಬೇಕು, ಈ ವಯಸ್ಸಿನಲ್ಲಿ ಇನ್ನೊಂದು ಬೀದಿಯಲ್ಲಿ ಗಿರಾಕಿ ಹುಡುಕಬೇಕು. ಅತ್ತಿಗೆ ಬಳೆ ಮಾರಿದ್ದರು, ಚೀಟಿ ಎತ್ತಿದ್ದರು, ಇದ್ದಬದ್ದದ್ದನ್ನೆಲ್ಲ ಒಟ್ಟುಮಾಡಿ ತಮ್ಮ ಬೀದಿಯ ಬ್ಯಾಂಕಿನಲ್ಲಿಟ್ಟಿದ್ದರು. ಸೋಮವಾರ ಮಾಲೀಕರಿಗೆ ದುಡ್ಡು ಕೊಟ್ಟರೆ ಕೋಣೆ ಅವರದು.

"ತಮ್ಮಾ, ನಮ್ಮ ಬೀದೀಲಿ ಆ ಬ್ಯಾಂಕಿನ ಬಗ್ಗೆ ಏನೇನೋ ಗುಸುಗುಸು ಅಂತಿದಾರೆ" ಎಂದರು ಅತ್ತಿಗೆ, ತಟ್ಟೆಯಿಂದ ತಲೆಯೆತ್ತಿ. "ನಾಳೆ ಅರ್ಧ ದಿನ ತೆಗೆದಿರುತ್ತೆ. ಹೋಗಿ ತಗೊಂಡು ಬಂದುಬಿಡಲಾ?"

ಇವರ ಬಲಗೈ ಅನ್ನದಲ್ಲಿತ್ತು. ಎಡಗೈ ನೀರಿನ ಲೋಟವನ್ನು ಹಿಡಿದಿತ್ತು.

"ನನ್ನನ್ನ ಕೇಳಬೇಡ ಅಕ್ಕ. ಯಾವ ಬ್ಯಾಂಕಿನ ವಿಷಯಾನೂ ನನ್ನನ್ನ ಕೇಳಬೇಡ."

ಅತ್ತಿಗೆ ತಮ್ಮನನ್ನು ಒಂದು ಗಳಿಗೆ ಹಾಗೇ ನೋಡಿದರು. ಕೈ ಕಿವಿಗೆ ಹೋಗಲಿಲ್ಲ. ಅತ್ತಿಗೆಯ ಮುಖ ಬಿಚ್ಚಿಕೊಂಡಿತು. "ಬಂತು ನೋಡು ಹಳೇ ಪಾಠ! ಸರಿ ಬಿಡು, ಮನೇಲಿ ದುಡ್ಡಿಟ್ಕೊಂಡು ನಿದ್ದೆಗೆಡೋದ್ಯಾಕೆ" ಎಂದು ನಕ್ಕರು. ನಾನೂ ನಕ್ಕೆ. ಎರಡನೇ ಸಲ ಅನ್ನ ಬಡಿಸಲು ಹೋದಾಗ ನೋಡಿದೆ, ಇವರು ಲೋಟವನ್ನು ಎತ್ತಿಯೂ ಇರಲಿಲ್ಲ, ಬಿಟ್ಟೂ ಇರಲಿಲ್ಲ. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಕಚೇರಿಯಲ್ಲಿ ಏನೋ ತಲೆಬಿಸಿ ಎಂದುಕೊಂಡು ಅನ್ನ ಬಡಿಸಿದೆ.

ಸೋಮವಾರ ಇವರು ತಿಂಡಿ ಮುಟ್ಟದೆ ಹೊರಟರು. ಅತ್ತಿಗೆ ಒಳ್ಳೆಯ ಸೀರೆಯುಟ್ಟು ಬಂದು, "ಅಷ್ಟು ದುಡ್ಡು ಹಿಡ್ಕೊಂಡು ಒಬ್ಬಳೇ ನಡೆಯೋಕೆ ಭಯ, ಜೊತೆಗೆ ಬಾರೆ" ಎಂದು ನನ್ನನ್ನು ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಕೋಣೆಗೆ ಯಾವ ಬಣ್ಣ ಬಳಿಸಬೇಕೆಂಬುದೇ ಮಾತು.

ಬ್ಯಾಂಕಿನ ಮುಂದೆ ಬೀದಿ ತುಂಬ ಜನ. ಗಾಜಿನ ಬಾಗಿಲಿಗೆ ಒಳಗಿನಿಂದ ಒಂದು ಕಾಗದ ಅಂಟಿಸಿತ್ತು. ಮುಂದಿನ ಆದೇಶದವರೆಗೆ ಯಾರೂ ಹಣ ಹಿಂತೆಗೆಯುವಂತಿಲ್ಲ, ಠೇವಣಿದಾರರು ಗಾಬರಿಯಾಗಬಾರದು. ಗಾಬರಿಯಾಗಬಾರದಂತೆ! ಅದನ್ನು ಬರೆದ ಮಹಾನುಭಾವನ ದುಡ್ಡು ಎಲ್ಲಿತ್ತೋ! ಒಬ್ಬರು ಗಾಜು ಬಡಿಯುತ್ತಿದ್ದರು, ಒಬ್ಬ ಮುದುಕ ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. ಗಾಜಿನಾಚೆ ಮ್ಯಾನೇಜರ ಮೇಜಿನ ಮುಂದೆ ಬಿಳಿ ಶರ್ಟು ಹಾಕಿಕೊಂಡು ಕೂತಿದ್ದವರು ನನ್ನ ಗಂಡ.

ಲೋಟ ಹಿಡಿದ ಆ ಕೈ ಆಗ ನನಗೆ ಅರ್ಥವಾಯಿತು. ಸಾಲದ ನಿಯಮ, ಲೆಕ್ಕದ ನಿಯಮ, ಎಲ್ಲವನ್ನೂ ಕೆಟ್ಟ ಕಾಲವೆಂದು ಸಡಿಲ ಬಿಟ್ಟಿದ್ದರು. ಬಾಯಿ ಬಿಡಬಾರದೆಂಬ ನಿಯಮವೊಂದನ್ನು ಮಾತ್ರ ನನ್ನ ಗಂಡ ನಮ್ಮ ಊಟದ ಮನೆಯಲ್ಲಿ ಕೂತು ಪಾಲಿಸಿದ್ದರು. ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಅತ್ತಿಗೆಯೂ ತಮ್ಮನನ್ನು ನೋಡಿದರು. ಅವರ ಮುಖ ಅರಳಿತು! ಜನರ ಕಡೆ ತಿರುಗಿ, "ಯಾಕೆ ಕೂಗಾಡ್ತೀರಾ? ಒಳಗೆ ಕೂತಿದಾನಲ್ಲ, ಅವನು ನನ್ನ ತಮ್ಮ. ದೊಡ್ಡ ಆಫೀಸಿನೋನು. ನನ್ನ ದುಡ್ಡೂ ಇಲ್ಲೇ ಇದೆ. ಅಪಾಯ ಇದ್ದಿದ್ರೆ ಅಕ್ಕನಿಗೆ ಹೇಳದೆ ಇರ್ತಿದ್ನಾ?" ಎಂದರು.

ಗಾಜು ಬಡಿಯುತ್ತಿದ್ದ ಕೈ ನಿಂತಿತು. ಇಬ್ಬರು ಹೆಂಗಸರು ಸಮಾಧಾನದಿಂದ ಅತ್ತಿಗೆಯ ಹತ್ತಿರ ಸರಿದರು. ಬೀದಿ ಸದ್ದಡಗಿದ್ದಕ್ಕೋ ಏನೋ, ಒಳಗೆ ಇವರು ತಲೆಯೆತ್ತಿ ಹೊರಗೆ ನೋಡಿದರು. ಇವರ ಕಣ್ಣಿಗೆ ಮೊದಲು ನಾನು ಬಿದ್ದೆ, ಆಮೇಲೆ ಅಕ್ಕ.

ಇವರ ಎಡಗೈ ಮೇಲೆದ್ದು ಕಿವಿಗೆ ಹೋಯಿತು. ಹಾಗೇ ಹಿಡಿದುಕೊಂಡು ಕೂತರು.

ಅತ್ತಿಗೆ ನನ್ನ ಮಣಿಕಟ್ಟು ಹಿಡಿದರು. ಮೆಟ್ಟಿಲ ಮೇಲಿನ ಮುದುಕ ಕತ್ತೆತ್ತಿ, "ಹಾಗಾದ್ರೆ ನಮ್ಮ ದುಡ್ಡು ಬರುತ್ತೆ ಅಲ್ವೇನಮ್ಮಾ?" ಎಂದು ಕೇಳಿದ. ಎಲ್ಲರೂ ಅತ್ತಿಗೆಯ ಬಾಯಿ ನೋಡುತ್ತ ನಿಂತರು.

"ನನ್ನನ್ನ ಕೇಳಬೇಡಿ" ಎಂದರು ಅತ್ತಿಗೆ.