ಕೈಗೆ ಕೊಟ್ಟ ಉಪ್ಪು

‘ಹಿಂದಕ್ಕೆ ನಿಂತ್ಕೊಳ್ಳೋ ಬೋಳಿಮಗನೆ. ನಿನ್ನ ನೆರಳು ತಟ್ಟೆ ಮೇಲೆ ಬೀಳ್ತಾ ಐತೆ.’

ಗುಮಾಸ್ತ ಅಂಜನಮೂರ್ತಿ ಹೀಗೆ ಗದರಿದ್ದು, ಕದರಯ್ಯ ತುಮಕೂರಿನ ನಮ್ಮ ಅಕ್ಕಿ ಗಿರಣಿಗೆ ಸೇರಿದ ದಿನ. ಗಿರಣಿಗೆ ಸೇರುವವರು ಯಜಮಾನರ ಮುಂದೆ ಚಿಟಿಕೆ ಉಪ್ಪನ್ನು ನಾಲಿಗೆಗೆ ಇಟ್ಟುಕೊಂಡು ‘ಈ ಉಪ್ಪಿಗೆ ಎರಡು ಬಗೆಯೋದಿಲ್ಲ’ ಎನ್ನಬೇಕು. ಆಮೇಲೆ ಪ್ರತಿ ಆಯುಧಪೂಜೆಗೂ ಎಲ್ಲರೂ ಮತ್ತೊಮ್ಮೆ ಹೇಳಬೇಕು. ಮಿಕ್ಕವರಿಗೆ ಉಪ್ಪು ಮೇಜಿನ ಮೇಲೆ, ಹಿತ್ತಾಳೆ ತಟ್ಟೆಯಲ್ಲಿ. ಗೂಳೂರಿನ ಕೇರಿಯಿಂದ ಬರುವ ನಮ್ಮ ಹನ್ನೆರಡು ಗಂಡಾಳುಗಳಿಗೆ ನೆಲದ ಮೇಲೆ, ಮುತ್ತುಗದೆಲೆಯಲ್ಲಿ.

ಯಜಮಾನ ವೆಂಕಟರಂಗಯ್ಯನವರು ಗುಮಾಸ್ತನನ್ನು ಮೆಲ್ಲಗೆ ತಡೆದರು. ‘ಹಾಗೆಲ್ಲ ಅನ್ನಬಾರದಯ್ಯ, ಅವನೂ ನಮ್ಮ ಮನೆ ಮಗನೇ. ನೋಡು ಕದರಯ್ಯ, ಉಪ್ಪನ್ನ ಕೈಯಿಂದ ಕೈಗೆ ಕೊಟ್ರೆ ಜಗಳ ಹುಟ್ಟುತ್ತೆ ಅಂತಾರೆ. ಅದಕ್ಕೇ ಕೆಳಗಿಟ್ಟಿರೋದು. ಬೇರೇನಿಲ್ಲ.’

ಕದರಯ್ಯ ಬಗ್ಗಿ ತೆಗೆದುಕೊಂಡ.

ಯಜಮಾನರು ಯಾರನ್ನೂ ಬೈದವರಲ್ಲ. ಬೈಯುವುದಕ್ಕೆ ಗುಮಾಸ್ತನಿದ್ದ; ಅಳುವ ಕೆಲಸ ಮಾತ್ರ ಅವರು ಇನ್ನೊಬ್ಬರಿಗೆ ಬಿಟ್ಟುಕೊಟ್ಟಿರಲಿಲ್ಲ. ನಮ್ಮಲ್ಲಿ ಯಾರ ಮಗುವಿಗೆ ಜ್ವರ, ಯಾರ ಅವ್ವನಿಗೆ ಕಣ್ಣು ಮಂಜು, ಎಲ್ಲವನ್ನೂ ಅಂಜನಮೂರ್ತಿ ಒಂದು ಸಣ್ಣ ಪುಸ್ತಕದಲ್ಲಿ ಗೀಚಿಡುತ್ತಿದ್ದ. ಬೆಳಿಗ್ಗೆ ಯಜಮಾನರು ಅದರ ಮೇಲೆ ಕಣ್ಣಾಡಿಸಿ, ಕಣಕ್ಕೆ ಬಂದು, ಹೆಸರು ಹಿಡಿದು ವಿಚಾರಿಸುವರು. ‘ನಿನ್ನ ಸಂಕಟ ನನ್ನ ಸಂಕಟ ಕಣೋ’ ಎನ್ನುವರು. ಅವರ ಕಣ್ಣಲ್ಲಿ ನಲ್ಲಿ ಇತ್ತು. ಗಿರಣಿಯಲ್ಲಿ ನಮಗೆ ಇರಲಿಲ್ಲ. ರಜ ಕೇಳಲು ಬಂದವನು ಆ ನೀರು ಕಂಡು, ಬಂದದ್ದೇ ಮರೆತು, ಇನ್ನೆರಡು ಗಂಟೆ ಹೆಚ್ಚಿಗೆ ದುಡಿದು ಮನೆಗೆ ಹೋಗುತ್ತಿದ್ದ.

ಭತ್ತ ಬೇಯಿಸುವ ಒಲೆ ಕದರಯ್ಯನದು. ಯಜಮಾನರನ್ನು ಅವನು ಅಚ್ಚೊತ್ತಿದ ಹಾಗೆ ಅಣಕಿಸುತ್ತಿದ್ದ. ಮೊದಲು ಎರಡು ಸಲ ಗಂಟಲು ಸರಿಮಾಡಿಕೊಳ್ಳುವುದು. ಆಮೇಲೆ ಹೆಗಲ ಮೇಲಿನ ಶಲ್ಯದ ತುದಿಯನ್ನು ಎಡಗಣ್ಣಿಗೆ ಒತ್ತುವುದು. ಬಲಗಣ್ಣು ಕಣದ ಮೇಲೇ ಇರಬೇಕು, ಯಾರು ಸುಮ್ಮನೆ ಕೂತಿದ್ದಾರೆ ಎಂದು ನೋಡಲು. ಭತ್ತ ಹರವುತ್ತಿದ್ದ ಅವನ ಹೆಂಡತಿ ಚಿಕ್ಕಗಂಗಮ್ಮ ನಕ್ಕು ನಕ್ಕು ಸುಸ್ತಾಗುವಳು.

‘ಸಾಕ್ ಬುಡು. ನಗ್ಸಿ ನಗ್ಸಿ ಇಲ್ಲೇ ಎರಿಗೆ ಮಾಡಿಸ್ಬುಡ್ತೀಯ.’

ಆಗ ಅವಳಿಗೆ ಏಳು ತಿಂಗಳು.

ದಿನ ತುಂಬಿದ ಮೇಲೆ ಒಂದು ಮಧ್ಯಾಹ್ನ, ಅಂದು ಕೆಲಸಕ್ಕೆ ಬಾರದಿದ್ದ ನಮ್ಮ ಸಿದ್ದಗಂಗಯ್ಯ ಗೂಳೂರಿನಿಂದ ಓಡಿಬಂದ. ‘ಲೇ ಕದರ, ಒತ್ತಾರೆ ನೀ ಬಂದಾಗ್ನಿಂದ ನೋವು ತಿಂತಾವ್ಳೆ. ಸೂಲಗಿತ್ತಿ ಕೈಲಿ ಆಗಲ್ವಂತೆ. ಆಸ್ಪತ್ರೆಗೆ ಸಾಗ್ಸು ಅಂತಾಳೆ ನಿಮ್ಮವ್ವ. ಊರಾಗೆ ಒಬ್ಬ ಬಡ್ಡೀಮಗನೂ ನಮ್ಮೋರಿಗೆ ಗಾಡಿ ಕೊಡ್ತಿಲ್ಲ.’

ಸುದ್ದಿ ತಿಳಿದು ಯಜಮಾನರು ಒಲೆಯ ಹತ್ತಿರ ತಾವೇ ಬಂದರು. ಎರಡು ಸಲ ಗಂಟಲು ಸರಿಮಾಡಿಕೊಂಡರು. ‘ಅಯ್ಯೋ, ನಮ್ಮ ಚಿಕ್ಕಗಂಗಮ್ಮನಿಗಾ? ನಿನ್ನ ಸಂಕಟ ನನ್ನ ಸಂಕಟ ಕಣೋ. ಬರಿಗೈಲಿ ಓಡಿಹೋಗಿ ನೀನೇನು ಮಾಡ್ತೀಯ? ನನ್ನ ಜಟಕಾ ಕಳಿಸ್ತೀನಿ. ಆಸ್ಪತ್ರೆ ಸೇರಿದಳು ಅಂತಲೇ ತಿಳ್ಕೋ. ನೀನು ಒಲೆ ಬಿಟ್ರೆ ಐವತ್ತು ಮೂಟೆ ಭತ್ತ ಹಾಳು. ನಿನ್ನ ಬಿಟ್ರೆ ನನಗೆ ಯಾರಿದಾರೋ?’

ಎಡಗಣ್ಣು ಒರೆಸಿಕೊಂಡರು. ಕದರಯ್ಯ ಒಲೆಗೆ ಹೊಟ್ಟು ತಳ್ಳಿದ. ‘ಎಷ್ಟಾದ್ರೂ ದೊಡ್ಡ ಮನುಷ್ಯರು’ ಎಂದು ನಾವೂ ಅಂದೆವು. ಸಿದ್ದಗಂಗಯ್ಯ ಕೂಡ ಅಂದ.

ಹೊತ್ತು ಇಳಿದಾಗ ಕದರಯ್ಯ ಒಲೆ ಆರಿಸಿ ಲಾಯದ ಕಡೆ ಹೋದ. ಕುದುರೆ ಹುರುಳಿ ಮೇಯುತ್ತಿತ್ತು. ಜಟಕಾ ಹೊಡೆಯುವ ನರಸಯ್ಯ ಬೀಡಿ ಸೇದುತ್ತಿದ್ದ.

‘ಗೂಳೂರಾ? ನಂಗ್ಯಾರೂ ಯೋಳ್ನಿಲ್ವಲ್ಲೋ. ಯಜಮಾನತಿ ಹೂವಿನಂಗಡಿಗೆ ಹೋಗ್ಬೇಕು ಅಂದ್ರು, ಕರ್ಕೊಂಡೋಗಿ ಈಗ್ ಬಂದೆ.’

ಕದರಯ್ಯ ಕುಣಿಗಲ್ ರಸ್ತೆಯಲ್ಲಿ ಓಡಿದ. ಕುಣಿಗಲ್ಲಿಗೆ ಅಕ್ಕಿ ಹೊತ್ತ ನಮ್ಮದೇ ಗಿರಣಿಯ ಲಾರಿ ಹಿಂದಿನಿಂದ ಬಂತು. ಗೂಳೂರಿನ ಮೇಲೆಯೇ ಹೋಗುವ ಲಾರಿ. ಎರಡೂ ಕೈ ಎತ್ತಿದ. ಲಾರಿ ಧೂಳೆಬ್ಬಿಸಿ ಹೋಯಿತು. ಅವನು ಊರು ಮುಟ್ಟುವ ಹೊತ್ತಿಗೆ ಚಿಕ್ಕಗಂಗಮ್ಮ ಸತ್ತಿದ್ದಳು. ಮಗು ಹೊರಗೆ ಬಂದಿರಲೇ ಇಲ್ಲ.

ನಾಲ್ಕನೆಯ ದಿನ ಅವನು ಮತ್ತೆ ಒಲೆಯ ಮುಂದೆ ಕೂತ. ಹೆಂಡತಿಗೆ ಏನಾಯಿತೆಂದು ಗಿರಣಿಯ ಆಫೀಸಿನಲ್ಲಿ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ; ಪುಸ್ತಕದಲ್ಲಿ ‘ಹೆರಿಗೆ’ ಎಂದಷ್ಟೇ ಉಳಿಯಿತು. ಅಣಕ ನಿಂತಿತು.

ಆ ವಾರವೇ ನಾವು ಹೆಬ್ಬೆಟ್ಟೊತ್ತಿ ಲೇಬರ್ ಆಫೀಸರಿಗೆ ಅರ್ಜಿ ಕಳಿಸಿದೆವು. ಹೆರಿಗೆಗೆ, ಕಾಯಿಲೆಗೆ, ಸಾವಿಗೆ ರಜ ಬೇಕು. ಆಯುಧಪೂಜೆಯ ದಿನ ಬಂದು ವಿಚಾರಿಸುತ್ತೇವೆಂದು ಅವರು ತಿಳಿಸಿದರು. ಅಂಜನಮೂರ್ತಿ ಕದರಯ್ಯನನ್ನು ಕರೆಸಿದ.

‘ಆವತ್ತು ಒಲೆ ಬಿಟ್ಟು ಕದಲಲಿಲ್ಲ ನೀನು. ನಿಯತ್ತು ಅಂದ್ರೆ ಅದು ಕಣ್ಲಾ. ಆಫೀಸರ ಮುಂದೆ ಉಪ್ಪು ಮುಟ್ಟಿ, ನಮಗೆ ಯಾವ ಕಷ್ಟಾನೂ ಇಲ್ಲ ಅನ್ನು. ನಿನ್ನ ಮೇಸ್ತ್ರಿ ಮಾಡ್ತಾರೆ. ಆ ಸಿದ್ದಗಂಗ, ಅವನ ಜೊತೆ ಹೆಬ್ಬೆಟ್ಟೊತ್ತಿದ ಸೂಳೇಮಕ್ಳು, ಎಲ್ಲರನ್ನೂ ಮಾರನೇ ದಿನವೇ ಆಚೆಗಟ್ತೀವಿ.’

‘ಆಗ್ಲಿ ಸ್ವಾಮಿ’ ಎಂದು ಕದರಯ್ಯ ಹೇಳಿದ್ದು ನಮ್ಮ ಕಿವಿಗೂ ಬಿತ್ತು. ಸಿದ್ದಗಂಗಯ್ಯ ನೆಲಕ್ಕೆ ಉಗಿದ. ‘ಮೇಸ್ತ್ರಿ ಆಯ್ತಾನಂತೆ. ಎಂಡ್ತಿ ಎಣದ ಮೇಲೆ ಕುಂತು.’

ಆಯುಧಪೂಜೆ ಬಂತು. ಯಂತ್ರಕ್ಕೆ ಕುಂಕುಮ, ಬಾಗಿಲಿಗೆ ಬೂದುಗುಂಬಳ, ಕುರ್ಚಿಗೆ ಆಫೀಸರು. ತಟ್ಟೆಯವರದು ಮುಗಿದು ನಮ್ಮ ಎಲೆಯ ಸರದಿ ಬಂದಾಗ ಅಂಜನಮೂರ್ತಿ ಪುಸ್ತಕ ನೋಡಿ ಯಜಮಾನರ ಕಿವಿಯಲ್ಲಿ ಏನೋ ಉಸುರಿದ. ಅವರು ಎದ್ದು ನಿಂತರು.

‘ಬಾರೋ ಕದರಯ್ಯ. ಚಿಕ್ಕಗಂಗಮ್ಮ ಹೇಗಿದಾಳೆ? ಬಾಣಂತಿಗೆ ಬಿಸಿನೀರು ಬಿಡಿಸಬೇಡಿ. ಮಗು ಗಂಡೋ ಹೆಣ್ಣೋ?’

‘ಇಷ್ಟು ಜನರ ಹೆಸರೂ ನೆನಪಿಟ್ಟುಕೊಂಡಿದೀರಲ್ಲ’ ಎಂದು ಆಫೀಸರು ತಲೆದೂಗಿದರು.

ಕದರಯ್ಯ ಎರಡು ಸಲ ಗಂಟಲು ಸರಿಮಾಡಿಕೊಂಡ. ಟವೆಲಿನ ತುದಿಯನ್ನು ಎಡಗಣ್ಣಿಗೆ ಒತ್ತಿದ. ಅವನ ಬಾಯಿಂದ ಯಜಮಾನರ ದನಿ ಹೊರಟಿತು.

‘ನಿನ್ನ ಸಂಕಟ ನನ್ನ ಸಂಕಟ ಕಣೋ. ನನ್ನ ಜಟಕಾ ಕಳಿಸ್ತೀನಿ. ಆಸ್ಪತ್ರೆ ಸೇರಿದಳು ಅಂತಲೇ ತಿಳ್ಕೋ. ನೀನು ಒಲೆ ಬಿಟ್ರೆ ಐವತ್ತು ಮೂಟೆ ಭತ್ತ ಹಾಳು.’

ಯಾರೂ ನಗಲಿಲ್ಲ. ಅವನು ಟವೆಲು ಇಳಿಸಿದ. ಆಮೇಲಿನದು ಅವನದೇ ದನಿ.

‘ಸತ್ತೋದ್ಲು ಬುದ್ಧಿ. ಮಗು ಒಳಗೇ ಇತ್ತು. ಗಂಡೋ ಎಣ್ಣೋ ನೋಡ್ನಿಲ್ಲ.’

ಬಗ್ಗಿ ಎಲೆಯಿಂದ ಒಂದು ಹಿಡಿ ಉಪ್ಪು ತೆಗೆದುಕೊಂಡು ಮೇಜಿನ ಹತ್ತಿರ ನಡೆದ. ‘ಮುಟ್ಟಬ್ಯಾಡ್ವೋ’ ಎನ್ನುತ್ತ ಅಂಜನಮೂರ್ತಿ ಎದ್ದನೇ ಹೊರತು ತಾನೂ ಅವನನ್ನು ಮುಟ್ಟಿ ತಡೆಯಲಾರದೆ ಹೋದ. ಕದರಯ್ಯ ಯಜಮಾನರ ಬಲಗೈ ಹಿಡಿದು, ಅಂಗೈ ಬಿಡಿಸಿ, ಉಪ್ಪು ಸುರಿದು, ಬೆರಳುಗಳನ್ನು ಒಂದೊಂದಾಗಿ ಮಡಚಿದ.

‘ಕೈಗೇ ಕೊಟ್ಟಿವ್ನಿ ಬುದ್ಧಿ.’

ಯಜಮಾನರ ಎರಡೂ ಕಣ್ಣು ಒಣಗಿದ್ದವು. ಹಿಂದೆ ಸಿದ್ದಗಂಗಯ್ಯ ಎಲೆಯ ಮುಂದೆ ಬಗ್ಗಿದ. ಚಿಟಿಕೆಗಲ್ಲ, ಹಿಡಿಗೆ. ಅವನ ಹಿಂದೆ ನಾವು ಹತ್ತು ಜನ ಸಾಲು ನಿಂತಿದ್ದೆವು.